ಹಗ್ಗದ ವರ್ತಕನ ಎರಡು ಮಾತು

“ಮಾವ, ಶಾಲು ಹೊದಿಸಿ, ಮಾತಾಡಲು ಬಿಡದೆ ಕಳಿಸಿದರೆ ಅದು ಸನ್ಮಾನ ಆಗುವುದಿಲ್ಲವೇ?”

ಕೇಳಿದವನು ನನ್ನ ತಂಗಿಯ ಮಗ ಕೊಟ್ರೇಶ. ನನ್ನ ಬಳಿ ಹಾರ್ಮೋನಿಯಂ ಕಲಿಯುತ್ತಾನೆ. ಹಾಗಾಗಿ ಅಳಿಯನೂ ಹೌದು, ಶಿಷ್ಯನೂ ಹೌದು. ಅವನು ಮೇಷ್ಟ್ರಾಗಿರುವ ಶಾಲೆಯಲ್ಲಿ ಭಾನುವಾರ ಹಳೆಯ ವಿದ್ಯಾರ್ಥಿಯೊಬ್ಬರಿಗೆ ಸನ್ಮಾನ. ಸೈನ್ಯದಲ್ಲಿದ್ದು ಬಂದವರು, ವ್ಯಾಪಾರದಲ್ಲಿ ಮೇಲೆ ಬಂದವರು, ಹೊಳೆ ಉಕ್ಕಿದಾಗ ಯಾರೂ ಕರೆಯದೆ ಓಡಿ ಬರುವವರು. ಆದರೆ ಅವರಿಗೆ ಉಗ್ಗು. ಕಾರ್ಯಕ್ರಮದ ನಿರೂಪಣೆ ಕೊಟ್ರೇಶನದು.

“ಪಾಪ, ಅಷ್ಟು ಜನರ ಮುಂದೆ ಅವರು ತಡವರಿಸುವುದು ಬೇಡ. ಅವರ ಪರವಾಗಿ ನಾನೇ ಎರಡು ಮಾತು ಹೇಳಿಬಿಡುತ್ತೇನೆ” ಎಂದ.

ನಾನು ಹಾರ್ಮೋನಿಯಂ ಮುಚ್ಚಿದೆ. ನಾನು ಬಾರಿಸಿದರೆ ಪಕ್ಕದ ಬೀದಿಯ ಎಮ್ಮೆ ಒಂದು ಸೇರು ಹಾಲು ಹೆಚ್ಚು ಕೊಡುತ್ತದೆ, ಅದು ಬೇರೆ ವಿಷಯ. “ಒಂದು ಕತೆ ಹೇಳುತ್ತೇನೆ, ಕೇಳು. ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ಈ ಪೆಟ್ಟಿಗೆ ಇನ್ನು ಮುಂದೆ ಬರೀ ಅಪಸ್ವರ ಹೊರಡಿಸಲಿ” ಎಂದೆ.

“ಈಗೇನು ಹೊರಡಿಸುತ್ತಿದೆ?” ಎಂದ ಶಿಷ್ಯ.

ಕೇಳಿಸದವನಂತೆ ಶುರುಮಾಡಿದೆ.

ಒಬ್ಬ ಹಗ್ಗದ ವರ್ತಕನಿದ್ದ. ಚಿಕ್ಕಂದಿನಿಂದ ಅವನಿಗೆ ಉಗ್ಗು. ಶಾಲೆಯಲ್ಲಿ ಅವನು ಬಾಯಿ ತೆರೆದರೆ ಸಾಕು, ಉಳಿದ ಮಾತನ್ನು ಪಕ್ಕದವರು ಮುಗಿಸುತ್ತಿದ್ದರು. ಒಮ್ಮೆ ಬಾಯಾರಿ “ನೀ... ನೀ...” ಎಂದವನಿಗೆ ನೀಲಿ ಶಾಯಿ ತಂದುಕೊಟ್ಟರು. ಅವರದು ಕೆಟ್ಟ ಮನಸ್ಸಲ್ಲ. ಕಾಯುವ ಪುರುಸೊತ್ತು ಅವರಿಗಿರಲಿಲ್ಲ, ಅಷ್ಟೆ. ಅವನು ಮಾತಾಡುವುದನ್ನೇ ಬಿಟ್ಟ.

ದೊಡ್ಡವನಾಗಿ ಸೈನ್ಯಕ್ಕೆ ಸೇರಿದ. ಹೇಗೆ ತೆಗೆದುಕೊಂಡರೋ ಕೇಳಬೇಡ, ಗುಂಡು ಹಾರುವ ಕಡೆ ಯಾರೂ ಭಾಷಣ ಬೇಡುವುದಿಲ್ಲ. ಮರಳಿ ಬಂದು ಹಗ್ಗದ ಅಂಗಡಿ ಇಟ್ಟ. ಹಗ್ಗವನ್ನು ಬಾಯಲ್ಲಿ ಹೊಗಳಬೇಕಾಗಿಲ್ಲ, ಜಗ್ಗಿ ತೋರಿಸಿದರೆ ಆಯಿತು. ವ್ಯಾಪಾರ ಬೆಳೆಯಿತು. ಹೊಳೆ ಉಕ್ಕಿದ ವರ್ಷ ಅಂಗಡಿಯ ಹಗ್ಗವನ್ನೆಲ್ಲ ಹೊತ್ತು ನೀರಿಗಿಳಿದ. ಅದರ ಒಂದು ತುದಿ ಹಿಡಿದವನು ನಾನು. ಇನ್ನೊಂದು ಚೂರು ಜಗ್ಗಿದ್ದರೆ ಹೊಳೆಯೇ ದಡಕ್ಕೆ ಬಂದುಬಿಡುತ್ತಿತ್ತು.

ಶಾಲೆಯವರು ಸನ್ಮಾನಕ್ಕೆ ಕರೆದರು. ಅವನಿಗೆ ಶಾಲು ಬೇಕಿರಲಿಲ್ಲ. ಆದರೂ ಒಂದು ಆಸೆಗೆ ಒಪ್ಪಿದ. ತಾನು ಓದಿದ ಆ ಜಾಗದಲ್ಲಿ ನಿಂತು, ಒಮ್ಮೆಯಾದರೂ, ತನ್ನ ಮಾತನ್ನು ತಾನೇ ಮುಗಿಸಬೇಕು. ಅದಕ್ಕಾಗಿ ಅಂಗಡಿಯ ಬಾಗಿಲು ಹಾಕಿಕೊಂಡು, ಹಗ್ಗದ ಸುರುಳಿಗಳನ್ನೇ ಸಭೆ ಎಂದುಕೊಂಡು, ಎದುರಿಗೆ ನಿಂತು ಅಭ್ಯಾಸ ಮಾಡಿದ.

ಆ ದಿನ ಶಾಲು ಹೊದಿಸಿದರು, ಪೇಟ ತೊಡಿಸಿದರು, ಹಣ್ಣಿನ ಬುಟ್ಟಿ ಕೈಗಿತ್ತರು. “ಈಗ ಸನ್ಮಾನಿತರು ಎರಡು ಮಾತು ಆಡುತ್ತಾರೆ” ಎಂದು ನಿರೂಪಕ ಮೈಕು ಕೊಟ್ಟ.

ವರ್ತಕ ಬಾಯಿ ತೆರೆದ. “ಸ... ಸ... ಸ...”

“ಸರಕು!” ಎಂದ, ಮುಂದಿನ ಸಾಲಿನಲ್ಲಿದ್ದ ಒಬ್ಬ ವ್ಯಾಪಾರಿ.

“ಸೈನ್ಯ ಕಣ್ರೀ!” ಎಂದ ಒಬ್ಬ ಮಾಜಿ ಸೈನಿಕ.

“ಸಹಾಯ ಅಂತಿದ್ದಾರೆ, ಸ್ವಲ್ಪ ತಡೀರಪ್ಪ” ಎಂದಳು, ಅವನ ಹಗ್ಗ ಹಿಡಿದು ನೀರಿನಿಂದ ಮೇಲೆ ಬಂದಿದ್ದ ಹೆಂಗಸು.

“ಸಂತೋಷ ಆಗಿದೆಯಂತೆ” ಎಂದು ಅಧ್ಯಕ್ಷರು ತೀರ್ಪು ಕೊಟ್ಟು ಚಪ್ಪಾಳೆ ತಟ್ಟಿದರು. ಸಭೆಯೂ ತಟ್ಟಿತು. ನಿರೂಪಕ ಮೈಕು ತೆಗೆದುಕೊಳ್ಳಲು ಕೈ ಚಾಚಿದ.

ವರ್ತಕ ಬಿಡಲಿಲ್ಲ. ಕಣ್ಣು ಮುಚ್ಚಿದ. ಕೊರಳ ನರ ಉಬ್ಬಿತು.

“ಸ... ಸ... ಸುಮ್ಮನಿರಿ!” ಎಂದ.

ಚಪ್ಪಾಳೆ ತಟ್ಟುತ್ತಿದ್ದ ಕೈಗಳು ನಿಂತವು. ಆಮೇಲೆ ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ಅವನೇ ನಕ್ಕ. ನಗು ಇಳಿದ ಮೇಲೆ ಜನ ಕಾದರು. ಗೋಡೆಯ ಗಡಿಯಾರ ಕೂಡ ಎತ್ತಿದ ಮುಳ್ಳನ್ನು ಇಳಿಸದೆ ಕಾಯಿತು. ಅವನು ಒಂದೊಂದು ಅಕ್ಷರಕ್ಕೂ ಎಡವಿದ, ಎದ್ದ, ಮುಂದೆ ಹೋದ. ಯಾರೂ ಅವನ ಮಾತಿಗೆ ಬಾಯಿ ಹಾಕಲಿಲ್ಲ. ಕೊನೆಯ ಅಕ್ಷರದವರೆಗೂ ಅವನೇ ಮಾತಾಡಿದ.

ಕೊಟ್ರೇಶ ಮುಂದಕ್ಕೆ ಬಾಗಿದ್ದ. “ಏನು ಮಾತಾಡಿದರು, ಮಾವ?”

“ನನಗೇನು ಗೊತ್ತು? ಉಳಿದದ್ದೆಲ್ಲ ನಿಜ, ಆ ಸಭೆ ಆಗಿಹೋಯಿತು ಎಂಬ ಒಂದು ಚೂರು ಮಾತ್ರ ನಾನು ಕಟ್ಟಿದ್ದು; ಅದು ಆಗುವುದು ಭಾನುವಾರ, ಮೈಕು ಇನ್ನೂ ನಿನ್ನ ಕೈಯಲ್ಲೇ ಇದೆ.”