ಮದ್ದಿಲ್ಲದ ಗೂಡು

“ಗುರುಗಳೇ, ಕನಿಕರದಿಂದ ಮಾಡಿದ ಕೆಲಸವೂ ತಪ್ಪಾಗುವುದುಂಟೇ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಈ ಕತೆ ಹೇಳಿದರು.

ಒಂದು ಊರಿನ ಕೋಳಿಮರಿಗಳಿಗೆ ಬಿಳಿ ಭೇದಿ ಬಂತು. ಬೆಳಿಗ್ಗೆ ಕಾಳು ಹೆಕ್ಕುತ್ತಿದ್ದ ಮರಿ ಸಂಜೆಗೆ ರೆಕ್ಕೆ ಇಳಿಬಿಟ್ಟು ಮುದುಡಿ ಕೂರುತ್ತಿತ್ತು. ಮರುದಿನ ಅದನ್ನು ಹೂಳಬೇಕಾಗುತ್ತಿತ್ತು. ಆ ಊರಿನ ಹೆಂಗಸರಿಗೆ ತಮ್ಮದು ಎಂದು ಇದ್ದ ಸಂಪಾದನೆ ಕೋಳಿ ಒಂದೇ. ಗಂಡಸರು ಬೇಲಿಯ ಸೊಪ್ಪಿನಿಂದ ಹಿಡಿದು ತಾಯಿತದವರೆಗೆ ಮದ್ದು ಹೇಳಿದರು. ಹೇಳುವುದಕ್ಕೇನು ಖರ್ಚಿಲ್ಲವಲ್ಲ. ಮರಿಗಳು ಸಾಯುತ್ತಲೇ ಇದ್ದವು.

ಆಗ ಒಬ್ಬ ಸಂಶೋಧಕಿ ಬಂದಳು. ಸತ್ತ ಮರಿಗಳನ್ನು ಕೊಯ್ದು ನೋಡಿ, ರೋಗಾಣುವನ್ನು ಗುರುತಿಸಿ, ಅದಕ್ಕೆಂದೇ ಒಂದು ಮದ್ದು ಮಾಡಿದ್ದಳು. ವರ್ಷಗಟ್ಟಲೆ ಅವಳಿಗೆ ಬೇರೆ ಯೋಚನೆಯೇ ಇರಲಿಲ್ಲ. ಆದರೂ ಇದರಿಂದ ಗುಣವಾಗುತ್ತದೆ ಎಂದು ಅವಳು ಹೇಳಲಿಲ್ಲ. “ಆಗುತ್ತದೋ ಇಲ್ಲವೋ ನೋಡೋಣ” ಎಂದಳು. ಖಾಲಿ ಬಿದ್ದಿದ್ದ ಒಂದು ಕೊಟ್ಟಿಗೆಯಲ್ಲಿ ಬಿದಿರಿನ ತಟ್ಟಿ ಅಡ್ಡ ಇಟ್ಟು ಎರಡು ಗೂಡು ಮಾಡಿದಳು. ಭೇದಿ ಹತ್ತಿದ ಊರಿನ ಮರಿಗಳನ್ನು ಎರಡರಲ್ಲೂ ಬಿಟ್ಟಳು. ಎರಡಕ್ಕೂ ಅದೇ ಕಾಳು, ಅದೇ ಬಿಸುಪು. ಒಂದು ಗೂಡಿನ ನೀರಿಗೆ ಮದ್ದು ಬೆರೆಸಬೇಕು. ಇನ್ನೊಂದಕ್ಕೆ ಬರಿಯ ನೀರು.

ನೀರಿಡುವ ಕೆಲಸಕ್ಕೆ ಕೋಳಿ ಸಾಕುವ ಒಬ್ಬ ಹೆಂಗಸು ಒಪ್ಪಿದಳು. ಮದ್ದಿಲ್ಲದ ಗೂಡನ್ನು ನೋಡಿ ಅವಳಿಗೆ ಮೈ ಉರಿಯಿತು.

“ಅಲ್ಲ ಡಾಕ್ಟ್ರಮ್ಮ, ಕೈಯಲ್ಲಿ ಮದ್ದು ಇಟ್ಕೊಂಡು ಇವಕ್ಕೆ ಬರೀ ನೀರು ಕುಡಿಸೋದಾ? ಒಂದು ಮಗೀಗೆ ಉಣಿಸಿ ಇನ್ನೊಂದು ಬಾಯಿ ಬಾಯಿ ಬಿಡೋದನ್ನ ನೋಡ್ತಾ ಕೂರೋಳು ತಾಯಿನಾ, ತಕ್ಕಡಿನಾ?”

“ಇಲ್ಲಿ ನಾನು ತಕ್ಕಡಿಯೇ ಅಕ್ಕ. ಒಂದೇ ತಟ್ಟೆ ಇಟ್ಟುಕೊಂಡು ತೂಗುವುದು ಹೇಗೆ?”

“ತೂಗಿ, ತೂಗಿ. ಸಾಯೋದು ನಿಮ್ಮನೆ ಮರಿ ಅಲ್ಲವಲ್ಲ.”

ಸಂಶೋಧಕಿ ಅತ್ತ ಹೋದ ಮೇಲೆ ಹೆಂಗಸು ಎರಡೂ ಗೂಡಿನ ನೀರಿಗೆ ಮದ್ದು ಬೆರೆಸಿದಳು. ದಿನವೂ ಬೆರೆಸಿದಳು. ಪುಣ್ಯ ಕಟ್ಟಿಕೊಂಡವಳ ಹಾಗೆ ಮನೆಗೆ ಹೋಗಿ ಹೊಟ್ಟೆ ತುಂಬ ಉಂಡಳು.

ಎರಡೂ ಗೂಡಿನ ಮರಿಗಳು ಚೇತರಿಸಿಕೊಂಡವು. ಊರವರು ಹಾರ ತಂದರು. ಸಂಶೋಧಕಿ ಕತ್ತು ಬಗ್ಗಿಸಲಿಲ್ಲ.

“ಬರಿಯ ನೀರು ಕುಡಿದವೂ ಉಳಿದಿವೆ. ರೋಗ ತಾನಾಗಿಯೇ ಇಳಿದಿದೆ. ನನ್ನ ಮದ್ದಿಗೆ ಇದರಲ್ಲಿ ಪಾಲಿಲ್ಲ” ಎಂದಳು.

“ಉಳಿದವಲ್ಲ, ಅಷ್ಟು ಸಾಕು. ಹಾಕಿಸ್ಕೊಳಿ ತಾಯಿ” ಎಂದರು ಊರವರು. ಬೇರೆ ಯಾರಾದರೂ ಆಗಿದ್ದರೆ ಹಾಕಿಸಿಕೊಂಡು ಪಟವನ್ನೂ ತೆಗೆಸಿಕೊಳ್ಳುತ್ತಿದ್ದರು. ಅವಳು ಕೊಟ್ಟಿಗೆಯ ಹಿಂದೆ ಗುಂಡಿ ತೋಡಿದಳು, ಮದ್ದಿನ ಜಾಡಿಗಳನ್ನು ತಂದಿಟ್ಟಳು. ಕಣ್ಣು ಕೆಂಪಾಗಿತ್ತು.

ಹೆಂಗಸು ಅಲ್ಲೇ ನಿಂತಿದ್ದಳು. ಅವಳು ಸುಮ್ಮನಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಅವಳ ಊರಿನ ಮರಿಗಳಂತೂ ಉಳಿದಾಗಿತ್ತು. ಆದರೆ ಪ್ರತಿ ಮನೆಯಲ್ಲೂ ಕೋಳಿಗಳು ಮತ್ತೆ ಕಾವು ಕೂತಿದ್ದವು. ಸುತ್ತಲ ಊರುಗಳಲ್ಲಿ ಭೇದಿ ಇನ್ನೂ ಇತ್ತು. ಮೊದಲ ಜಾಡಿ ಓರೆಯಾಗುತ್ತಲೇ ಅವಳು ಓಡಿ ಹೋಗಿ ಹಿಡಿದುಕೊಂಡಳು.

“ಸುರೀಬೇಡಿ. ಆ ಗೂಡಿಗೂ ಬೆರೆಸಿದ್ದೆ, ನಾನೇ.”

ಊರು ಅವಳನ್ನು ಬೈದಿತು. ತಾಯಿತ ಹೇಳಿದ್ದವರು ಎಲ್ಲರಿಗಿಂತ ಜೋರಾಗಿ ಬೈದರು. ಸಂಶೋಧಕಿ ಬೈಯಲಿಲ್ಲ. ಗುಂಡಿಯ ಅಂಚಿನಲ್ಲಿ ಕುಳಿತುಬಿಟ್ಟಳು.

“ಹಂಗಾದ್ರೆ ಉಳಿಸಿದ್ದು ಮದ್ದೇ ಅಂತಾಯ್ತಲ್ಲ ಡಾಕ್ಟ್ರಮ್ಮ?” ಎಂದಳು ಹೆಂಗಸು.

“ಅದೂ ಹೇಳಲಾರೆ ಅಕ್ಕ. ಕುಡಿಯದಿದ್ದರೆ ಏನಾಗುತ್ತಿತ್ತು ಎಂದು ತೋರಿಸಲು ಒಂದು ಮರಿಯೂ ಇಲ್ಲ. ಮತ್ತೆ ಮೊದಲಿನಿಂದ ಮಾಡಬೇಕು.”

ಹೊಸ ಮರಿಗಳು ಮೊಟ್ಟೆಯೊಡೆದು ಬಂದವು. ಭೇದಿಯೂ ಬಂತು. ಎರಡು ಗೂಡು ಮತ್ತೆ ಸಿದ್ಧವಾದವು. ತಮ್ಮ ಮರಿಗಳನ್ನು ಮದ್ದಿಲ್ಲದ ಗೂಡಿಗೆ ಕೊಡಲು ಯಾರೂ ಮುಂದೆ ಬರಲಿಲ್ಲ. ಹೆಂಗಸು ತನ್ನ ಮರಿಗಳನ್ನೆಲ್ಲ ಪಂಜರದಲ್ಲಿ ಹೊತ್ತು ತಂದಳು.

“ಇವನ್ನ ಆ ಗೂಡಿಗೇ ಬಿಡಿ” ಎಂದಳು.

“ಹಾಗೆ ಆರಿಸುವಂತಿಲ್ಲ ಅಕ್ಕ. ಎಲ್ಲರ ಮರಿಯೂ ಬೆರೆಯಬೇಕು. ಕಣ್ಣು ಮುಚ್ಚಿ ಹಿಡಿದದ್ದು ಯಾವ ಕಡೆ ಹೋಗುತ್ತದೋ ಆ ಕಡೆ.”

ಅವಳನ್ನು ನೋಡಿ ನಾಚಿ ಉಳಿದವರೂ ತಂದರು. ಆದರೆ ನೀರಿಡುವ ಕೆಲಸ ಮಾತ್ರ ಅವಳಿಗೆ ಬೇಡ ಎಂದು ಹಟ ಹಿಡಿದರು. ಸಂಶೋಧಕಿ ಕೊಟ್ಟಿಗೆಯ ಬೀಗದ ಕೈಯನ್ನು ಅವಳ ಸೆರಗಿನ ತುದಿಗೇ ಕಟ್ಟಿದಳು.

“ಹೇಳದಿದ್ದರೂ ನಡೆಯುತ್ತಿತ್ತು. ಆದರೂ ಹೇಳಿದಳು. ಈ ಊರಿನಲ್ಲಿ ನಾನು ನಂಬಬಹುದಾದ ಕೈ ಇವಳದೇ” ಎಂದಳು.

ಹೆಂಗಸು ದಿನವೂ ಮದ್ದಿನ ಜಾಡಿ ಹಿಡಿದು ಒಳಗೆ ಹೋದಳು. ಒಂದು ಗೂಡಿನಲ್ಲಿ ಮರಿಗಳು ಕಾಳಿಗೆ ಜಗಳವಾಡುತ್ತಿದ್ದವು. ಇನ್ನೊಂದು ಗೂಡು ದಿನದಿಂದ ದಿನಕ್ಕೆ ಮೌನವಾಯಿತು. ಅಲ್ಲಿ ಅವಳ ಮನೆಯದೇ ಒಂದು ಮರಿ ತೆವಳಿಕೊಂಡು ಬಂದು ಅವಳ ಪಾದದ ಮೇಲೆ ಕುಳಿತು ಕಣ್ಣು ಮುಚ್ಚಿತು. ಜಾಡಿ ಕೈಯಲ್ಲೇ ಇತ್ತು. ನೋಡುವವರು ಯಾರೂ ಇರಲಿಲ್ಲ. ಅವಳು ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಬರಿಯ ನೀರನ್ನೇ ಇಟ್ಟಳು.

ಉಳಿಸುತ್ತಿರುವುದು ಮದ್ದೇ ಎಂಬುದರಲ್ಲಿ ಸಂಶಯಕ್ಕೆ ಎಡೆಯಿಲ್ಲದಂತಾದ ಕೂಡಲೇ ಸಂಶೋಧಕಿ ಓಡಿ ಬಂದು ಆ ಗೂಡಿನಲ್ಲಿ ಉಳಿದಿದ್ದ ಮರಿಗಳ ಕೊಕ್ಕಿಗೆ ತಾನೇ ಮದ್ದು ಹನಿಸಿದಳು. ಅವುಗಳಲ್ಲಿ ಕೆಲವು ಬದುಕಿದವು. ಪಾದದ ಮೇಲೆ ಕುಳಿತಿದ್ದ ಮರಿ ಬದುಕಲಿಲ್ಲ. ಮದ್ದು ಅಲ್ಲಿಂದ ಪಕ್ಕದ ಊರಿಗೆ ಹೋಯಿತು, ಅದರಾಚೆಯ ಊರಿಗೂ ಹೋಯಿತು. ಹೋದಲ್ಲೆಲ್ಲ ಮರಿಗಳು ಉಳಿದವು.

ಗುರುಗಳು ಕತೆ ನಿಲ್ಲಿಸಿದರು.

“ಹಾಗಾದರೆ ಎರಡನೆಯ ಸಲ ಅವಳು ಕನಿಕರ ಬಿಟ್ಟು ಮನಸ್ಸನ್ನು ಕಲ್ಲು ಮಾಡಿಕೊಂಡಳು ಎನ್ನಿ” ಎಂದ ಶಿಷ್ಯ.

“ಇಲ್ಲ, ಇನ್ನೂ ಮೊಟ್ಟೆಯೊಳಗಿದ್ದ ಮರಿಗಳ ಕೂಗೂ ಆ ಸಲ ಅವಳಿಗೆ ಕೇಳಿಸುತ್ತಿತ್ತು.”