ಕೊಳ್ಳದೆ ಬಂದ ಚಿತ್ರಗಳು

“ಗುರುಗಳೇ, ಕೆಟ್ಟದ್ದನ್ನು ಒಮ್ಮೆ ನೋಡಿ, ಬೇಡವೆನಿಸಿದರೆ ಅಲ್ಲೇ ಬಿಟ್ಟು ಬಂದರೆ ತಪ್ಪೇನು?” ಎಂದು ಶಿಷ್ಯ ಕೇಳಿದ. “ಬರೀ ನೋಡುವುದರಿಂದ ನಮ್ಮ ಗಂಟೇನು ಹೋಗುತ್ತದೆ?”

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಟೆಂಟ್ ಸಿನಿಮಾದವನಿದ್ದ. ಹಳೆಯ ಚಿತ್ರಗಳ ರೀಲುಗಳನ್ನು ಪಟ್ಟಣದಿಂದ ಕೊಂಡು ತಂದು ಊರವರಿಗೆ ತೋರಿಸುತ್ತಿದ್ದ. ದೆವ್ವದ ಚಿತ್ರ, ಹೊಡೆದಾಟದ ಚಿತ್ರ ಎಂದರೆ ಅವನ ಟೆಂಟು ತುಂಬುತ್ತಿತ್ತು. ಮೊದಲು ನೋಡು, ಹಿಡಿಸಿದರೆ ಕೊಳ್ಳು ಎಂಬುದು ಪಟ್ಟಣದ ವ್ಯಾಪಾರಿಯ ಪದ್ಧತಿ. ಇವನೋ, ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಎನ್ನುವವನು. ಬೇಡದ ಚಿತ್ರವನ್ನೂ ಕೊನೆಯವರೆಗೆ ಕೂತು ನೋಡುತ್ತಿದ್ದ.

ಒಮ್ಮೆ ಅವನ ಹೆಂಡತಿ ತವರಿಗೆ ಹೋಗಿದ್ದಳು, ಮರುದಿನ ಬರುವವಳಿದ್ದಳು. ಇವನು ಪಟ್ಟಣಕ್ಕೆ ಹೋಗಿ ಎರಡು ಚಿತ್ರ ನೋಡಿದ. ಮೊದಲನೆಯದರಲ್ಲಿ ಮುಸ್ಸಂಜೆಗೆ ದೆವ್ವ ಬಂದು ಮನೆಯವರದೇ ದನಿಯಲ್ಲಿ ಕರೆಯುತ್ತಿತ್ತು. ಮುಂಬಾಗಿಲು ತೆರೆಯದಿದ್ದರೆ ಹಿತ್ತಿಲಿಗೆ ಬರುತ್ತಿತ್ತು. ಎರಡನೆಯದರಲ್ಲಿ ನಾಯಕ ಬಾಗಿಲ ಮರೆಯಲ್ಲಿ ನಿಂತು, ಒಳಗೆ ಕಾಲಿಟ್ಟವನನ್ನು ಯಾರು, ಏನು ಎನ್ನದೆ ಹೊಡೆದು ಕೆಡವುತ್ತಿದ್ದ.

“ಹಳಸಲು ಸರಕು. ಇದಕ್ಕೆ ನಮ್ಮೂರ ಕೂಸೂ ಹೆದರೋದಿಲ್ಲ,” ಎಂದು ಮೂಗು ಮುರಿದು ಬರಿಗೈಲಿ ಎದ್ದು ಬಂದ.

ಮನೆ ತಲುಪಿದಾಗ ಹೊತ್ತು ಮುಳುಗುತ್ತಿತ್ತು. ದೀಪ ಹಚ್ಚಿದ. ತನ್ನ ನೆರಳಿಗೆ ತಾನೇ ಬೆಚ್ಚಿದ. ನಾಚಿಕೆಯಾಯಿತು, ಆದರೂ ಎರಡೂ ಬಾಗಿಲು ಭದ್ರಪಡಿಸಿ ಕೂತ.

“ರೀ, ಬಾಗಿಲು ತೆಗೀರಿ,” ಎಂದು ಹೊರಗೆ ಹೆಂಡತಿಯ ದನಿ ಕೇಳಿತು.

ಅವನ ಎದೆ ಝಲ್ಲೆಂದಿತು. ನಾಳೆ ಬರಬೇಕಾದವಳು ಇವತ್ತೇಕೆ ಬಂದಾಳು? ದನಿ ಮತ್ತೆ ಕರೆಯಿತು. ಅವನು ಓಗೊಡಲಿಲ್ಲ. ಹೆಜ್ಜೆಯ ಸಪ್ಪಳ ಗೋಡೆ ಬಳಸಿ ಹಿತ್ತಿಲ ಕಡೆ ಹೊರಟಿತು. ಹೆದರಿದವನ ಮೇಲೆ ಹಾವು ಎಸೆದಂತಾಯಿತು. ಮೂಲೆಯಲ್ಲಿದ್ದ ಒನಕೆ ಎತ್ತಿಕೊಂಡು ಹಿತ್ತಿಲ ಬಾಗಿಲ ಮರೆಯಲ್ಲಿ ನಿಂತ. ಆ ಬಾಗಿಲ ಚಿಲಕ ಸಡಿಲ, ಎತ್ತಿ ತಳ್ಳಿದರೆ ತೆರೆಯುತ್ತದೆ ಎಂಬುದು ಗಂಡ ಹೆಂಡತಿ ಇಬ್ಬರಿಗಲ್ಲದೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಅದೂ ಅವನಿಗೆ ಹೊಳೆಯಲಿಲ್ಲ. ಬಾಗಿಲು ತೆರೆಯಿತು. ಒನಕೆ ಬೀಸಿದ.

ಅವಳು ಹೊಸ್ತಿಲ ಮೇಲೆ ಕುಸಿದಳು. ಬಲಗೈ ಮುರಿದಿತ್ತು.

“ನೀವೊಬ್ಬರೇ ಉಪವಾಸ ಇರ್ತೀರಿ ಅಂತ ಒಂದು ದಿನ ಮುಂಚೆ ಬಂದೆನಲ್ರೀ,” ಎಂದು ಅತ್ತಳು.

ಮೂಳೆಯೇನೋ ಕೂಡಿತು. ಆದರೆ ಆಮೇಲೆ ಅವಳು ತನ್ನದೇ ಮನೆಯ ಹೊಸ್ತಿಲಾಚೆ ನಿಂತು, “ಒಳಗೆ ಬರಲಾ?” ಎಂದು ಕೇಳದೆ ಎಂದೂ ಕಾಲಿಡಲಿಲ್ಲ.

ಶಿಷ್ಯ ಅಷ್ಟಕ್ಕೇ ಬಿಡಲಿಲ್ಲ. “ಆದರೆ ಅವನು ಆ ಚಿತ್ರಗಳನ್ನು ಕೊಳ್ಳಲೇ ಇಲ್ಲವಲ್ಲ, ಗುರುಗಳೇ?”

ಗುರುಗಳೆಂದರು: “ಕೊಂಡವನು ಅವನೇ, ಮಗು, ಬೆಲೆ ತೆತ್ತವಳು ಅವಳು.”