ಗೋಡೆಗೆ ಒರಗಿದ ಸಣ್ಣೀರಮ್ಮ

ಒಂದಾನೊಂದು ಊರು. ಎಷ್ಟು ದೊಡ್ಡದು ಎಂದು ಕೇಳಬೇಡಿ, ಎಷ್ಟು ಸಣ್ಣದು ಎಂದು ಕೇಳಿ. ಯಾರೋ ಮರಳು ಕರಗಿಸಿ, ಹಪ್ಪಳ ಮಾಡಿ, ಅದಕ್ಕೆ ಚಿಪ್ ಎಂದು ಹೆಸರಿಟ್ಟು ಮೊಬೈಲಿನೊಳಗೆ ಕೂರಿಸಿದ್ದರು. ಆ ಹಪ್ಪಳದ ಒಂದು ಮೂಲೆಯಲ್ಲಿ ಈ ಊರು. ಊರ ಮುಂದೆ ಸಾಸಿವೆ ಕಾಳು ಇಟ್ಟರೆ ಜನ ಬುತ್ತಿ ಕಟ್ಟಿಕೊಂಡು ಬೆಟ್ಟ ಹತ್ತಲು ಹೊರಡುತ್ತಿದ್ದರು.

ಆ ಊರಲ್ಲಿ ಎರಡು ಥರದ ಜನ. ಒಂದು, ಅಜ್ಜಂದಿರು. ರಸ್ತೆಯ ಎರಡೂ ಬದಿ ಜಗಲಿಗಳ ಮೇಲೆ ಸಾಲಾಗಿ ಕೂತವರು, ಕೂತಲ್ಲಿಂದ ಏಳದವರು, ಸುಮ್ಮನೆ ಕಾಲು ಅಲ್ಲಾಡಿಸುವವರು. ಇನ್ನೊಂದು, ಮಿಣುಕರು. ಕೂರಲಾರದವರು, ಸದಾ ಓಡಾಡುವವರು. ಓದಿದವರು ಅವರನ್ನು ಎಲೆಕ್ಟ್ರಾನು ಎನ್ನುತ್ತಾರೆ. ಊರಲ್ಲಿ ಹಾಗೆ ಕರೆದರೆ ಯಾರೂ ತಿರುಗಿ ನೋಡುವುದಿಲ್ಲ.

ನಮ್ಮ ಸಣ್ಣೀರಮ್ಮ ಮಿಣುಕರವಳು. ಅವಳಿಗೊಂದು ಸಂಕಟ. ರಸ್ತೆಯ ಆಚೆ ತುದಿಯಲ್ಲಿ ಅವಳ ಅಣ್ಣನಿಗೆ ಗಂಡು ಮಗು ಹುಟ್ಟಿತ್ತು. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ಸಣ್ಣೀರಮ್ಮ. ಅವಳು ಹೋಗದೆ ಹೆಸರಿಲ್ಲ. ಹೆಸರಿಲ್ಲದವನನ್ನು ಊಟಕ್ಕೆ ಕರೆಯುವುದು ಹೇಗೆ? ಕರೆಯದೆ ಅವನು ಬರುವುದು ಹೇಗೆ? ಪಾಪ, ಮಗು ಹಸಿದುಕೊಂಡು ತೊಟ್ಟಿಲಲ್ಲೇ ಮಲಗಿತ್ತು.

ಸಣ್ಣೀರಮ್ಮ ಹೊರಟಳು. ಮೊದಲ ಜಗಲಿಯ ಹೊನ್ನಜ್ಜ ಕಾಲು ಅಲ್ಲಾಡಿಸುತ್ತ ಕೇಳಿದ: "ಎಲ್ಲಿಗವ್ವಾ ಹೊಂಟೆ?"

ಮುಗಿಯಿತು! ಹೊರಟವರನ್ನು ಎಲ್ಲಿಗೆ ಎಂದು ಕೇಳಿಬಿಟ್ಟರೆ ಹೋದ ಕೆಲಸ ಆಗುವುದುಂಟೆ? ಮನೆಗೆ ವಾಪಸು ಬಂದು, ಒಂದು ಚೊಂಬು ನೀರು ಕುಡಿದು, ಸ್ವಲ್ಪ ಕೂತು, ಮತ್ತೆ ಹೊರಡಬೇಕು. ಸಣ್ಣೀರಮ್ಮ ವಾಪಸು ಬಂದಳು, ನೀರು ಕುಡಿದಳು, ಕೂತಳು, ಹೊರಟಳು. ಹೊನ್ನಜ್ಜ ಸುಮ್ಮನಿದ್ದ. ಪಕ್ಕದ ಜಗಲಿಯ ಅಜ್ಜ ಕೇಳಿದ: "ಎಲ್ಲಿಗವ್ವಾ ಹೊಂಟೆ?" ಮತ್ತೆ ವಾಪಸು, ಮತ್ತೆ ನೀರು.

"ಕೇಳಬ್ಯಾಡ್ರಜ್ಜಾ, ನಿಮ್ಮ ಕಾಲಿಗೆ ಬೀಳ್ತೀನಿ," ಎಂದಳು.

"ಕೇಳ್ದೇ ಇರೋಕೆ ನಾವೇನು ಮನುಷ್ಯತ್ವ ಇಲ್ದೋರಾ?" ಎಂದರು ಅಜ್ಜಂದಿರು.

ಮಾತಿಗೆ ಮಾತು ಬೆಳೆದು ರಸ್ತೆ ಬಿಸಿಯಾಯಿತು. ರಸ್ತೆ ಬಿಸಿಯಾದಷ್ಟೂ ಅಜ್ಜಂದಿರ ಕಾಲು ಜೋರಾಗಿ ಅಲ್ಲಾಡಿತು. ಕಾಲು ಅಲ್ಲಾಡಿದಷ್ಟೂ ಬಾಯಿ ತೆರೆಯಿತು. ಅತ್ತ ಅಣ್ಣನ ಮಗನಿಗೆ ತೊಟ್ಟಿಲಲ್ಲೇ ಮೀಸೆ ಬಂತು.

ಆ ತುದಿಯಲ್ಲೇ ರಾಜ ಕಡ್ಡಿರಾಯನ ದೀಪವೂ ಇತ್ತು. ಮಿಣುಕರು ಬಂದು ಮುಟ್ಟಿದರೆ ಮಾತ್ರ ಅದು ಉರಿಯುತ್ತಿತ್ತು. ಕಡ್ಡಿರಾಯನಿಗೆ ರಾಜ್ಯಭಾರ ಬೇಡ, ಯುದ್ಧ ಬೇಡ. ತನ್ನ ಎರಡು ಕಿವಿಯೂ ಒಂದೇ ಅಳತೆಯೋ ಎಂದು ಕನ್ನಡಿಯಲ್ಲಿ ನೋಡಬೇಕು, ಅಷ್ಟೇ. ಆದರೆ ಮಿಣುಕರೆಲ್ಲ ದಾರಿಯಿಂದಲೇ ನೀರು ಕುಡಿಯಲು ವಾಪಸು ಹೋಗುತ್ತಿದ್ದರಿಂದ, ಎಡಗಿವಿ ನೋಡಿ ಬಲಗಿವಿಗೆ ತಿರುಗುವಷ್ಟರಲ್ಲಿ ದೀಪ ಆರಿಹೋಗುತ್ತಿತ್ತು.

"ಮಂತ್ರಿ, ರಸ್ತೆ ಅಗಲ ಮಾಡ್ಸು!" ಎಂದ. ಮಾಡಿಸಿದರು. ಅಗಲವಾದ ಜಾಗದಲ್ಲಿ ಇನ್ನಷ್ಟು ಅಜ್ಜಂದಿರು ಬಂದು ಕೂತರು.

"ಹಂಗಾದ್ರೆ ಗಿಡ್ಡ ಮಾಡ್ಸು!" ಎಂದ. ಮಾಡಿಸಿದರು. "ಇನ್ನೂ ಗಿಡ್ಡ!" ಮಾಡಿಸಿದರು. ರಸ್ತೆಯ ನಡುವೆ ಒಂದು ಬಾಗಿಲಿತ್ತು, ಬಾಗಿಲ ಪಕ್ಕ ಗೋಡೆಯಿತ್ತು. ಗಿಡ್ಡ ರಸ್ತೆಗೆ ದಪ್ಪ ಗೋಡೆ ಒಪ್ಪುವುದಿಲ್ಲವೆಂದು ಅದನ್ನೂ ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೆತ್ತಿದರು. ಕೊನೆಗೆ ರಸ್ತೆ ಎಷ್ಟು ಗಿಡ್ಡವಾಯಿತೆಂದರೆ, ಅಜ್ಜ "ಎ" ಅನ್ನುವಷ್ಟರಲ್ಲಿ ಮಿಣುಕರು ಆಚೆ ತುದಿ ಮುಟ್ಟಿರುತ್ತಿದ್ದರು. "ಲ್ಲಿಗವ್ವಾ" ಖಾಲಿ ರಸ್ತೆಯ ಮೇಲೆ ಬೀಳುತ್ತಿತ್ತು.

ದೀಪ ಧಗಧಗ ಉರಿಯಿತು. ಕಡ್ಡಿರಾಯ ಎಡಗಿವಿ ನೋಡಿದ. ಬಲಗಿವಿ ನೋಡಿದ. ಎರಡಕ್ಕೂ ಅಳತೆಯೇ ಕೂಡುವುದಿಲ್ಲ!

"ಮುಚ್ರೋ ಬಾಗಿಲು!" ಎಂದು ಕಿರುಚಿದ. "ಆರಲಿ ದೀಪ! ನನ್ನ ಕಿವಿ ಯಾರೂ ನೋಡಕೂಡ್ದು!"

ಸಣ್ಣೀರಮ್ಮ ಆಗಷ್ಟೇ ಚೊಂಬು ಕೆಳಗಿಟ್ಟು ಓಡಿ ಬಂದಿದ್ದಳು. ಅವಳ ಮೂಗಿನ ಮುಂದೆಯೇ ಬಾಗಿಲು ಧಡ್ಡೆಂದು ಮುಚ್ಚಿಕೊಂಡಿತು.

"ಬಾಗಿಲಣ್ಣಾ, ಬಿಡು. ಮಗ ಹಸಿದವ್ನೆ."

"ಮಗನ ಹೆಸರೇನು?" ಎಂದಿತು ಬಾಗಿಲು. "ಹೆಸರು ಹೇಳಿದ್ರೆ ಬಿಡ್ತೀನಿ."

"ಹೆಸರಿಡೋಕೇ ಕಣಣ್ಣಾ ಹೋಗ್ತಿರೋದು."

"ಹಂಗಾದ್ರೆ ಹೋಗಿ ಹೆಸರಿಟ್ಟು ಬಾ. ಆಮೇಲೆ ಬಿಡ್ತೀನಿ."

ಸಣ್ಣೀರಮ್ಮನಿಗೆ ಅಳು ತಡೆಯಲಾಗಲಿಲ್ಲ. ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಅತ್ತು ಸೆರಗಿನಿಂದ ಮೂಗು ಒರೆಸಿಕೊಂಡು ಕಣ್ಣು ಬಿಟ್ಟರೆ, ಎದುರಿಗೆ ತೊಟ್ಟಿಲು! ಗೋಡೆಯಲ್ಲಿ ತೂತಿಲ್ಲ, ಅವಳು ಹೆಜ್ಜೆಯಿಟ್ಟಿಲ್ಲ. ಯಾರು ಯಾವ ಕಡೆ ಒರಗಿದ್ದರೆಂಬುದು ಅಷ್ಟು ತೆಳ್ಳಗಿನ ಗೋಡೆಗೆ ನೆನಪುಳಿಯದು, ಅಷ್ಟೇ. ಅವಳು ಹೊರಡಲೇ ಇಲ್ಲವಾದ್ದರಿಂದ ಯಾರೂ ಎಲ್ಲಿಗೆ ಎಂದು ಕೇಳಲಿಲ್ಲ.

"ನಾನಿಲ್ಲಿ ಮರ್ಯಾದೆಯಿಂದ ಮುಚ್ಕೊಂಡಿದೀನಿ, ನೀನ್ಯಾಕೆ ಬಿಟ್ಟೆ?" ಎಂದು ಬಾಗಿಲು ಗೋಡೆಯ ಜೊತೆ ಜಗಳ ತೆಗೆಯಿತು.

"ನಾನೆಲ್ಲಿ ಬಿಟ್ಟೆ? ಒರಗಿದ್ಲು. ಆಮೇಲೆ ನೋಡಿದ್ರೆ ಇರ್ಲಿಲ್ಲ," ಎಂದಿತು ಗೋಡೆ.

ಸಣ್ಣೀರಮ್ಮ ತೊಟ್ಟಿಲಿಗೆ ಬಗ್ಗಿದಳು. ಮೀಸೆ ಸರಿಸಿ ಕೆನ್ನೆ ಸವರಿ ಕಿವಿಯಲ್ಲಿ ಹೇಳಿದಳು: "ದೊಡ್ಡಯ್ಯ."

ಒಳಗಿನಿಂದ ಅತ್ತಿಗೆ ಕೂಗಿದಳು: "ದೊಡ್ಡಯ್ಯಾ, ಉಣ್ಣೋಕೆ ಬಾರೋ!"

ದೊಡ್ಡಯ್ಯ ತೊಟ್ಟಿಲಿಂದ ಇಳಿದ. ಹುಟ್ಟಿದಾಗಿನಿಂದ ಮೊದಲ ಸಲ ಅಡುಗೆಮನೆ ಕಡೆ ನಡೆದ. ನೋಡುತ್ತ ನೋಡುತ್ತ ಸಣ್ಣೀರಮ್ಮನ ಎದೆ ತುಂಬಿ ಬಂತು. ತಡೆಯಲಾರದೆ ಕೇಳಿಯೇಬಿಟ್ಟಳು: "ಎಲ್ಲಿಗಪ್ಪಾ ಹೊಂಟೆ, ನನ್ ಬಂಗಾರ?"

ದೊಡ್ಡಯ್ಯ ನಿಂತ. ತಟ್ಟೆಯಲ್ಲಿದ್ದ ಮುದ್ದೆ ನೋಡಿದ. ಅತ್ತೆಯ ಮುಖ ನೋಡಿದ. ವಾಪಸು ಬಂದು, ಒಂದು ಚೊಂಬು ನೀರು ಕುಡಿದು, ತೊಟ್ಟಿಲಲ್ಲಿ ಕೂತ.

ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೊರಟ. ಈ ಸಲ ಸಣ್ಣೀರಮ್ಮ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಳು. ದೊಡ್ಡಯ್ಯ ಹೊಟ್ಟೆ ತುಂಬ ಉಂಡ.

ಇದರ ನೀತಿ ಏನಪ್ಪಾ ಅಂದರೆ, ನಿಮ್ಮ ಮೊಬೈಲು ಬಿಸಿಯಾದರೆ ಅದನ್ನು ಬೈಯಬೇಡಿ. ಒಳಗೆ ಯಾರೋ ಅಜ್ಜ ಯಾರನ್ನೋ ಮಾತಾಡಿಸುತ್ತಿದ್ದಾನೆ. ಕತೆ ಗೋಡೆಯಾಚೆ ಹೋಯಿತು, ನಾವು ಈಚೆ ಉಳಿದೆವು. ಹೊತ್ತಾಯಿತು, ನೀವೂ ಏಳಿ. ಎಲ್ಲಿಗೆ ಎಂದು ನಾನಂತೂ ಕೇಳುವುದಿಲ್ಲ.